ಫ್ಯೂಸಿಗೂ ತಿಳಿಯದ ಬಿಸಿ

ಕಳೆದ ಚಳಿಗಾಲದಲ್ಲಿ ನಮ್ಮ ನೆರೆಮನೆಯವರನ್ನು ಒಂದು ವಾಸನೆಯು ಬಹಳವಾಗಿ ಕಾಡಿತು. ಮೀನು ಮಾಂಸಗಳು ಹೊಸ್ತಿಲನ್ನೇ ದಾಟದ ಆ ಮನೆಯಲ್ಲಿ, ಬೆಳಗಿನ ಹೊತ್ತು, ಬಚ್ಚಲುಮನೆಯ ಕಡೆಯಿಂದ ಹಳಸಿದ ಮೀನಿನಂಥ ನಾತ ಬರತೊಡಗಿತು. ಮೋರಿಯನ್ನು ತೊಳೆಸಿದ್ದಾಯಿತು, ಇಲಿ ಸತ್ತಿರಬಹುದೆಂದು ಅಟ್ಟವನ್ನೆಲ್ಲ ಶೋಧಿಸಿದ್ದಾಯಿತು. ಫಲವೇನೂ ಆಗಲಿಲ್ಲ. ಮಧ್ಯಾಹ್ನದ ವೇಳೆಗೆ ವಾಸನೆಯು ತಾನಾಗಿಯೇ ಅಡಗುತ್ತಿತ್ತು. ಮರುದಿನ ಬೆಳಗ್ಗೆ ಮತ್ತೆ ಹಾಜರು. ಸತ್ತ ಇಲಿಯು ಹೀಗೆ ಹೊತ್ತು ನೋಡಿಕೊಂಡು ನಾರುವುದುಂಟೆ?

ಕೊನೆಗೆ ಅದರ ಜಾಡು ಹಿಡಿದವಳು ಆ ಮನೆಯ ಮಗಳು, ಪಿ.ಯು.ಸಿ. ತರಗತಿಯ ವಿದ್ಯಾರ್ಥಿನಿ. ನೀರು ಕಾಯಿಸುವ ಗೀಸರ್ ನಡೆಯುತ್ತಿರುವಾಗ ಮಾತ್ರ ವಾಸನೆ ಬರುತ್ತದೆಂಬುದನ್ನು ಅವಳು ಗಮನಿಸಿದಳು. ಗೀಸರಿನ ಪ್ಲಗ್ಗನ್ನು ಸಿಕ್ಕಿಸಿದ್ದ ಸಾಕೆಟ್ಟಿನ ಬಳಿಗೆ ಹೋದಂತೆ ನಾತವು ಹೆಚ್ಚಾಯಿತು. ಅಷ್ಟರಲ್ಲಿ ಸ್ನಾನಕ್ಕೆಂದು ಬಂದ ಅಜ್ಜಿಯವರು ಗೀಸರನ್ನು ಆರಿಸಲು ಕೈ ನೀಡಿದ್ದರು. "ಅಜ್ಜೀ, ಮುಟ್ಟಬೇಡಿ, ಇರಿ!" ಎಂದು ಕೂಗಿದ ಹುಡುಗಿಯು ಓಡಿಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದಳು.

ಪ್ಲಗ್ಗು ಕೀಳಲು ಬಾರದಷ್ಟು ಅಂಟಿಕೊಂಡಿತ್ತು. ಸಾಕೆಟ್ಟಿನ ಬಲಗಡೆಯ ರಂಧ್ರದ ಅಂಚು ಕಂದುಬಣ್ಣಕ್ಕೆ ತಿರುಗಿ, ಮೇಣದಂತೆ ಕರಗಿ, ಮತ್ತೆ ಗಟ್ಟಿಯಾಗಿತ್ತು. ಹಿಂಬದಿಯ ತಂತಿಯ ಹೊದಿಕೆಯು ಒಂದು ಅಂಗುಲದಷ್ಟು ಸುಟ್ಟು ಕರಿದಾಗಿತ್ತು. ಇದನ್ನೆಲ್ಲ ಕಂಡ ಹುಡುಗಿಯ ತಂದೆಯವರು ನನ್ನನ್ನು ಒಂದು ಪ್ರಶ್ನೆ ಕೇಳಿದರು: "ನಮ್ಮ ಮನೆಯಲ್ಲಿ ಎಂ.ಸಿ.ಬಿ. ಇದೆ. ಅದು ಒಂದು ದಿನವೂ ಬೀಳಲಿಲ್ಲ. ಒಳಗೆ ಇಷ್ಟು ಸುಡುತ್ತಿದ್ದರೂ ಅದು ಏಕೆ ಸುಮ್ಮನಿತ್ತು?"

ಬಹಳ ಯೋಗ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ, ಗೋಡೆಯ ಮೇಲಿನ ಆ ಮೂರು ರಂಧ್ರಗಳ ವಿಷಯದಲ್ಲಿ ನಾವು ತಿಳಿದಿರಬೇಕಾದ ಮುಖ್ಯವಾದ ಸಂಗತಿಗಳೆಲ್ಲವೂ ದೊರೆಯುತ್ತವೆ.

ಸಾಕೆಟ್ಟಿನ ಅಂತರಂಗ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂದಿತು. ವಿದ್ಯುತ್ತೆಂದರೆ ದೀಪ ಎಂದಷ್ಟೇ ಜನರು ತಿಳಿದಿದ್ದ ಕಾಲವದು. ದೀಪವು ತನ್ನ ಸ್ಥಾನದಿಂದ ಕದಲುವುದಿಲ್ಲ; ಅದಕ್ಕೆ ತಂತಿಯನ್ನು ಒಂದು ಸಲ ಜೋಡಿಸಿದರೆ ಕೆಲಸ ಮುಗಿಯಿತು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಮೇಜಿನ ಪಂಖ ಮುಂತಾದುವು ಹಾಗಲ್ಲ. ಅವುಗಳನ್ನು ಬೇಕಾದಾಗ ಜೋಡಿಸಬೇಕು, ಬೇಡವಾದಾಗ ಬಿಡಿಸಬೇಕು. ಈ ಅಗತ್ಯದಿಂದ ಹುಟ್ಟಿದುದೇ ಪ್ಲಗ್ಗು ಮತ್ತು ಸಾಕೆಟ್ಟುಗಳ ಜೋಡಿ. ನಮ್ಮ ಮನೆಗಳಲ್ಲಿರುವ ದುಂಡುಕಡ್ಡಿಗಳ ಪ್ಲಗ್ಗಿನ ಮೂಲವು 1934ರ ಒಂದು ಬ್ರಿಟಿಷ್ ಮಾನಕದಲ್ಲಿದೆ. ಬ್ರಿಟನ್ನಿನವರು 1947ರಲ್ಲಿ ಚೌಕಕಡ್ಡಿಗಳ ಹೊಸ ಮಾದರಿಯನ್ನು ತಂದು ಹಳೆಯದನ್ನು ಕ್ರಮೇಣ ಕೈಬಿಟ್ಟರು; ನಾವು ದುಂಡುಕಡ್ಡಿಗಳನ್ನೇ ಉಳಿಸಿಕೊಂಡೆವು. ಅವುಗಳ ಭಾರತೀಯ ಮಾನಕದ ಸಂಖ್ಯೆ ಐ.ಎಸ್. 1293. ಇದರಲ್ಲಿ ಮನೆಬಳಕೆಗೆ ಎರಡು ಅಳತೆಗಳಿವೆ: ದೀಪ, ಪಂಖ, ರೇಡಿಯೋ ಮುಂತಾದ ಹಗುರ ಕೆಲಸಕ್ಕೆ 6 ಆಂಪಿಯರಿನದು, ಗೀಸರ್, ಹವಾನಿಯಂತ್ರಕ ಮುಂತಾದ ಭಾರಿ ಕೆಲಸಕ್ಕೆ 16 ಆಂಪಿಯರಿನದು.

ಸಾಕೆಟ್ಟಿನ ಮುಖವನ್ನು ತೆಗೆದು ನೋಡಿದರೆ ಒಳಗಿರುವ ಯಂತ್ರವು ಅತಿ ಸರಳವಾದುದು. ಪ್ರತಿಯೊಂದು ರಂಧ್ರದ ಹಿಂದೆಯೂ ಹಿತ್ತಾಳೆಯ ಅಥವಾ ಕಂಚಿನ ಒಂದು ಸೀಳುಕೊಳವೆ. ಅದರ ಬಾಲಕ್ಕೆ ತಂತಿಯನ್ನು ಬಿಗಿಯಲು ಒಂದು ಸ್ಕ್ರೂ. ಕೊಳವೆಯ ಎರಡು ತುಟಿಗಳು ಸ್ಪ್ರಿಂಗಿನಂತೆ ಒಳಕ್ಕೆ ಬಾಗಿರುತ್ತವೆ. ಪ್ಲಗ್ಗಿನ ಕಡ್ಡಿಯು ಒಳಹೊಕ್ಕಾಗ ಅವು ಅದನ್ನು ಎರಡು ಬೆರಳುಗಳಂತೆ ಹಿಡಿದುಕೊಳ್ಳುತ್ತವೆ. ಸಾಕೆಟ್ಟಿನ ಆರೋಗ್ಯವೆಲ್ಲವೂ ಈ ಹಿಡಿತದಲ್ಲಿದೆ. ಹಿಡಿತವು ಸಡಿಲವಾದ ದಿನ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಎರಡು ಲೋಹಗಳು ಮುಟ್ಟುವುದೆಂದರೇನು?

ಹಿಡಿತಕ್ಕೆ ಅಷ್ಟು ಮಹತ್ವವೇಕೆ? ಕಡ್ಡಿಯು ಕೊಳವೆಯನ್ನು ಹೇಗೋ ಮುಟ್ಟಿಕೊಂಡಿದ್ದರೆ ಸಾಲದೆ?

ಬರಿಗಣ್ಣಿಗೆ ನುಣುಪಾಗಿ ಕಾಣುವ ಲೋಹದ ಮೈಯು ಸೂಕ್ಷ್ಮದರ್ಶಕದಲ್ಲಿ ಬೆಟ್ಟಗುಡ್ಡಗಳ ಸೀಮೆಯಂತೆ ಕಾಣುತ್ತದೆ. ಇಂಥ ಎರಡು ಮೈಗಳನ್ನು ಒಂದಕ್ಕೊಂದು ಒತ್ತಿದಾಗ ಅಲ್ಲೊಂದು ಇಲ್ಲೊಂದು ಶಿಖರಗಳು ಮಾತ್ರ ಪರಸ್ಪರ ತಾಗುತ್ತವೆ. ಉಳಿದೆಡೆಯೆಲ್ಲ ನಡುವೆ ಗಾಳಿ. ಒತ್ತಡವು ಹೆಚ್ಚಿದಂತೆ ಶಿಖರಗಳು ಚಪ್ಪಟೆಯಾಗಿ, ತಾಗುವ ಸ್ಥಳಗಳ ಸಂಖ್ಯೆಯೂ ವಿಸ್ತಾರವೂ ಹೆಚ್ಚುತ್ತವೆ. ಸ್ವೀಡನ್ನಿನ ವಿಜ್ಞಾನಿ ರಾಗ್ನರ್ ಹೋಲ್ಮ್ ಅವರು ತಮ್ಮ ಜೀವಮಾನದ ಬಹುಭಾಗವನ್ನು ಈ ವಿಷಯದ ಅಧ್ಯಯನಕ್ಕೆ ಮುಡಿಪಾಗಿಟ್ಟರು. ವಿದ್ಯುತ್ ಸಂಪರ್ಕಗಳನ್ನು ಕುರಿತು 1946ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಶಾಸ್ತ್ರಕ್ಕೆ ಅಡಿಗಲ್ಲಾಯಿತು.

ತೇರಿನ ದಿನ ದೇವಸ್ಥಾನದಿಂದ ಹೊರಬರುವ ಜನಸಂದಣಿಯನ್ನು ನೆನೆಯಿರಿ. ಎಲ್ಲ ಬಾಗಿಲುಗಳೂ ತೆರೆದಿದ್ದರೆ ಜನರು ಸುಗಮವಾಗಿ ಹೊರಬೀಳುತ್ತಾರೆ. ಒಂದು ಬಾಗಿಲನ್ನು ಬಿಟ್ಟು ಉಳಿದುವನ್ನೆಲ್ಲ ಮುಚ್ಚಿದರೆ ಆ ಒಂದೇ ಬಾಗಿಲಲ್ಲಿ ನೂಕುನುಗ್ಗಲಾಗಿ ಮೈಯೆಲ್ಲ ಬೆವರುತ್ತದೆ. ಸಾಕೆಟ್ಟಿನಲ್ಲಿ ಆಗುವುದೂ ಇದೇ. ಸ್ಪ್ರಿಂಗು ಬಿಗಿಯಾಗಿದ್ದಾಗ ವಿದ್ಯುತ್ಪ್ರವಾಹಕ್ಕೆ ಅನೇಕ ಬಾಗಿಲುಗಳು. ಸ್ಪ್ರಿಂಗು ಸಡಿಲಗೊಂಡಾಗ ಅದೇ ಪ್ರವಾಹವು ಒಂದೆರಡು ಶಿಖರಗಳ ಮೂಲಕವೇ ನುಗ್ಗಬೇಕಾಗುತ್ತದೆ. ಆ ಇಕ್ಕಟ್ಟಿನ ಸ್ಥಳದಲ್ಲಿ ರೋಧವು ಹೆಚ್ಚುತ್ತದೆ. ರೋಧವಿದ್ದಲ್ಲಿ ಶಾಖವು ಹುಟ್ಟುತ್ತದೆ.

ಶಾಖವು ಹುಟ್ಟಿದ ಮೇಲೆ ಒಂದು ವಿಷಚಕ್ರವು ತಿರುಗತೊಡಗುತ್ತದೆ. ಕಾದ ಲೋಹವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಮೈಮೇಲೆ ಕಪ್ಪು ಪೊರೆಯನ್ನು ತಳೆಯುತ್ತದೆ. ಈ ಆಕ್ಸೈಡಿನ ಪೊರೆಯು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಆದುದರಿಂದ ರೋಧವು ಮತ್ತಷ್ಟು ಹೆಚ್ಚುತ್ತದೆ. ಇತ್ತ ಸ್ಪ್ರಿಂಗಾಗಿದ್ದ ತುಟಿಗಳು ಪದೇ ಪದೇ ಕಾದು ತಮ್ಮ ಬಿಗುವನ್ನು ಕಳೆದುಕೊಳ್ಳುತ್ತವೆ. ಹಿಡಿತವು ಮತ್ತಷ್ಟು ಸಡಿಲವಾಗುತ್ತದೆ. ಶಾಖದಿಂದ ರೋಧ, ರೋಧದಿಂದ ಶಾಖ. ಈ ಚಕ್ರವು ತಾನಾಗಿ ನಿಲ್ಲುವುದಿಲ್ಲ.

ಒಂದು ಸಣ್ಣ ಲೆಕ್ಕ

ಹಾಗಾದರೆ ಎಂ.ಸಿ.ಬಿ. ಏಕೆ ಬೀಳಲಿಲ್ಲ? ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮವೂ, ಬ್ರಿಟನ್ನಿನ ಜೇಮ್ಸ್ ಪ್ರೆಸ್ಕಾಟ್ ಜೌಲನು 1841ರಲ್ಲಿ ಪ್ರಕಟಿಸಿದ ಶಾಖನಿಯಮವೂ ಇದಕ್ಕೆ ಉತ್ತರ ಕೊಡಬಲ್ಲವು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬುದೇ ಜೌಲನ ನಿಯಮ.

ನೆರೆಮನೆಯ ಗೀಸರ್ 2,000 ವಾಟುಗಳದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಎರಡನ್ನೂ ಭಾಗಿಸಿದರೆ ಪ್ರವಾಹವು ಸುಮಾರು 8.7 ಆಂಪಿಯರ್, ಗೀಸರಿನ ರೋಧವು ಸುಮಾರು 26.5 ಓಮ್. ಸಾಕೆಟ್ಟಿನ ಸಂಪರ್ಕವು ಚೆನ್ನಾಗಿದ್ದು ಅದರ ರೋಧವು ಒಂದು ಓಮಿನ ಸಾವಿರದ ಒಂದು ಭಾಗದಷ್ಟಿದೆಯೆಂದು ಇಟ್ಟುಕೊಳ್ಳೋಣ. ಆಗ ಅಲ್ಲಿ ಹುಟ್ಟುವ ಶಾಖವು ಒಂದು ವಾಟಿನ ಹದಿಮೂರರಲ್ಲಿ ಒಂದು ಪಾಲು. ಅದು ಯಾರ ಗಮನಕ್ಕೂ ಬರುವಂಥದಲ್ಲ.

ಈಗ ಹಿಡಿತ ಸಡಿಲವಾಗಿ, ಸಂಪರ್ಕದ ರೋಧವು ಅರ್ಧ ಓಮಿಗೆ ಏರಿದೆಯೆನ್ನೋಣ. ಒಟ್ಟು ರೋಧವು 27 ಓಮ್. ಪ್ರವಾಹವು ಸುಮಾರು 8.5 ಆಂಪಿಯರ್. ಇದರ ವರ್ಗವನ್ನು ಅರ್ಧದಿಂದ ಗುಣಿಸಿದರೆ ಸಂಪರ್ಕದಲ್ಲಿ ಹುಟ್ಟುವ ಶಾಖವು ಸುಮಾರು 36 ವಾಟು. ರೇಡಿಯೋ ರಿಪೇರಿಯವರ ಬೆಸುಗೆಕಡ್ಡಿಯು ಸಾಮಾನ್ಯವಾಗಿ 25 ವಾಟುಗಳದು. ಅದು 183 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ತವರ-ಸೀಸಗಳ ಬೆಸುಗೆಯನ್ನು ನೀರಿನಂತೆ ಹರಿಸಬಲ್ಲುದು. ಅಂಥ ಕಡ್ಡಿಗಿಂತ ಹೆಚ್ಚು ಶಾಖವು ಕಿರುಬೆರಳಿನ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಗೂಡಿನೊಳಗೆ, ದಿನವೂ ಅರ್ಧಗಂಟೆ ಉರಿಯುತ್ತಿದ್ದರೆ ಏನಾಗದು?

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಸಾಕೆಟ್ಟು ಕೆಟ್ಟಾಗ ಪ್ರವಾಹವು ಹೆಚ್ಚಲಿಲ್ಲ, 8.7ರಿಂದ 8.5ಕ್ಕೆ ಇಳಿಯಿತು! ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಕಾಯುವುದು ಪ್ರವಾಹವು ಮಿತಿಮೀರುವುದನ್ನು. ಮಿತಿಮೀರಿದಾಗ ಫ್ಯೂಸಿನ ತಂತಿಯು ಕರಗುತ್ತದೆ. ಎಂ.ಸಿ.ಬಿ.ಯಲ್ಲಿಯಾದರೋ ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಕಾದು ಬಾಗಿ, ಇಲ್ಲವೆ ವಿದ್ಯುತ್ಕಾಂತವು ಸನ್ನೆಯನ್ನು ಸೆಳೆದು, ಮಂಡಲವನ್ನು ಕಡಿದುಹಾಕುತ್ತದೆ. ಹದಿನಾರು ಆಂಪಿಯರನ್ನು ದಾಟುವವನನ್ನು ಹಿಡಿಯಲೆಂದು ನಿಂತ ಕಾವಲುಗಾರನು ಎಂಟೂವರೆ ಆಂಪಿಯರಿನವನನ್ನು ಸಜ್ಜನನೆಂದೇ ಬಿಟ್ಟುಕೊಡುವನಲ್ಲವೆ? ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ವ್ಯತ್ಯಾಸವಿದೆಯೇ ಎಂದು ನೋಡುವ ಆರ್.ಸಿ.ಸಿ.ಬಿ. ಎಂಬ ಉಪಕರಣಕ್ಕೂ ಇದು ತಿಳಿಯುವುದಿಲ್ಲ. ಏಕೆಂದರೆ ಇಲ್ಲಿ ಏನೂ ಸೋರಿಹೋಗಿಲ್ಲ. ಮನೆಯ ಸಾಮಾನ್ಯ ಕಾವಲುಗಾರರಿಗೆ ಕಾಣದ ಈ ಬಿಸಿಯನ್ನು ಕಾಣಬೇಕಾದವರು ಮನೆಯವರೇ.

ಲೆಕ್ಕದಿಂದ ಇನ್ನೊಂದು ಪಾಠವೂ ಉಂಟು. ಇದೇ ಕೆಟ್ಟ ಸಾಕೆಟ್ಟಿಗೆ 10 ವಾಟಿನ ದೀಪವನ್ನು ಜೋಡಿಸಿದರೆ, ಪ್ರವಾಹವು ಅತ್ಯಲ್ಪವಾದುದರಿಂದ, ಸಂಪರ್ಕದಲ್ಲಿ ಹುಟ್ಟುವ ಶಾಖವು ಒಂದು ವಾಟಿನ ಸಾವಿರದ ಒಂದು ಭಾಗವಷ್ಟೆ. "ಇಷ್ಟು ವರ್ಷ ಚೆನ್ನಾಗಿಯೇ ಇತ್ತಲ್ಲ" ಎಂಬ ಮಾತಿಗೆ ಆದುದರಿಂದ ಬೆಲೆಯಿಲ್ಲ. ದೀಪಕ್ಕೂ ಮೊಬೈಲ್ ಚಾರ್ಜರಿಗೂ ವರ್ಷಗಟ್ಟಲೆ ಒದಗಿದ ಸಾಕೆಟ್ಟೇ ಇಸ್ತ್ರಿಪೆಟ್ಟಿಗೆಯನ್ನೋ ನೀರು ಕಾಯಿಸುವ ಕಾಯಿಲನ್ನೋ ಸಿಕ್ಕಿಸಿದ ದಿನ ಹೊತ್ತಿಕೊಳ್ಳಬಹುದು.

ಮೂರನೆಯ ರಂಧ್ರ

ಬೆಂಕಿಯು ಒಂದು ಅಪಾಯ, ವಿದ್ಯುದಾಘಾತವು ಇನ್ನೊಂದು. ಈ ಎರಡನೆಯದರಿಂದ ನಮ್ಮನ್ನು ಕಾಯಲೆಂದು ಇರುವುದೇ ಸಾಕೆಟ್ಟಿನ ಮೇಲುಗಡೆಯ ದೊಡ್ಡ ರಂಧ್ರ. ಅದು ಭೂಸಂಪರ್ಕದ್ದು, ವಯರ್‌ಮನ್ನರ ಮಾತಿನಲ್ಲಿ ಅರ್ತಿಂಗ್. ಈ ರಂಧ್ರವು ಮೇಲಿರುವಂತೆ ಎದುರಿಗೆ ನಿಂತು ನೋಡಿದಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್.

ಪ್ಲಗ್ಗಿನ ಮೂರನೆಯ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದು ಅಲಂಕಾರಕ್ಕಲ್ಲ. ಉದ್ದವಾಗಿರುವುದರಿಂದ ಅದು ಎಲ್ಲಕ್ಕಿಂತ ಮೊದಲು ಒಳಹೊಕ್ಕು, ಎಲ್ಲಕ್ಕಿಂತ ಕೊನೆಗೆ ಹೊರಬರುತ್ತದೆ. ಉಪಕರಣಕ್ಕೆ ವಿದ್ಯುತ್ತು ಹರಿಯುವ ಎಲ್ಲ ಕಾಲದಲ್ಲಿಯೂ ಅದರ ಮೈಯು ನೆಲದೊಡನೆ ಕೂಡಿಯೇ ಇರುತ್ತದೆ. ದಪ್ಪವಾಗಿರುವುದರಿಂದ ಅದು ತಪ್ಪಿಯೂ ಫೇಸಿನ ರಂಧ್ರದೊಳಕ್ಕೆ ಹೋಗಲಾರದು. ಹೊಸ ಮಾದರಿಯ ಸಾಕೆಟ್ಟುಗಳಲ್ಲಿ ಕೆಳಗಿನ ಎರಡು ರಂಧ್ರಗಳಿಗೆ ಒಳಗಿನಿಂದ ಪುಟ್ಟ ಬಾಗಿಲುಗಳಿರುತ್ತವೆ. ಅವುಗಳನ್ನು ತೆರೆಯುವ ಕೀಲಿಯೂ ಈ ಉದ್ದ ಕಡ್ಡಿಯೇ. ಅಂಬೆಗಾಲಿಡುವ ಮಗುವು ಮೊಳೆಯನ್ನೋ ಹೇರ್‌ಪಿನ್ನನ್ನೋ ತೂರಿಸದಂತೆ ತಡೆಯಲು ಮಾಡಿದ ಏರ್ಪಾಡಿದು. ಎರಡು ಕಡ್ಡಿಗಳ ಪ್ಲಗ್ಗನ್ನು ಸಿಕ್ಕಿಸಲು ಮೇಲಿನ ರಂಧ್ರಕ್ಕೆ ಪೆನ್ನಿನ ತುದಿಯನ್ನು ತುರುಕಿ ಬಾಗಿಲು ತೆರೆಯುವವರು, ಮಗುವಿಗಾಗಿ ಹಾಕಿದ ಬೀಗವನ್ನು ತಾವೇ ಒಡೆಯುತ್ತಿರುವರೆಂಬುದನ್ನು ಮರೆಯಬಾರದು.

ಗೀಸರಿನ ಅಥವಾ ಗ್ರೈಂಡರಿನ ಒಳಗೆ ತಂತಿಯ ಹೊದಿಕೆಯು ಸವೆದು ಫೇಸ್ ತಂತಿಯು ಲೋಹದ ಮೈಗೆ ತಾಗಿತೆನ್ನೋಣ. ಭೂಸಂಪರ್ಕವು ಸರಿಯಾಗಿದ್ದರೆ ಪ್ರವಾಹವು ಹಸುರು ತಂತಿಯ ಮೂಲಕ ನೆಲಕ್ಕೆ ರಭಸದಿಂದ ಹರಿದು ಫ್ಯೂಸನ್ನು ಕರಗಿಸುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಲೋಹದ ಮೈಯು 230 ವೋಲ್ಟಿನಲ್ಲಿ ಮೌನವಾಗಿ ಕಾದಿರುತ್ತದೆ. ಅದನ್ನು ಮುಟ್ಟಿದ ಮನುಷ್ಯನೇ ನೆಲಕ್ಕೆ ದಾರಿಯಾಗುತ್ತಾನೆ. ಮೈಯ ರೋಧವು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ ಅವನ ಮೂಲಕ ಹರಿಯುವ ಪ್ರವಾಹವು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿನಲ್ಲಿಯೇ ಕೈಯ ಸ್ನಾಯುಗಳು ಬಿಗಿದು ಹಿಡಿದುದನ್ನು ಬಿಡಲಾಗದ ಸ್ಥಿತಿ ಬರುತ್ತದೆ. 50 ಮಿಲಿಆಂಪಿಯರನ್ನು ದಾಟಿದ ಮೇಲೆ ಹೃದಯದ ಬಡಿತವು ಅಸ್ತವ್ಯಸ್ತಗೊಂಡು ಪ್ರಾಣವೇ ಹೋಗಬಹುದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಅಪಾಯವು ಇನ್ನೂ ಹೆಚ್ಚು. ಸ್ನಾನಕ್ಕೆ ಹೊರಟಿದ್ದ ಆ ಅಜ್ಜಿಯವರು ನಿಂತಿದ್ದುದೂ ಹಾಗೆಯೇ ಅಲ್ಲವೆ?

ಭೂಸಂಪರ್ಕವೂ ಒಂದು ಸಲ ಮಾಡಿ ಮರೆಯುವಂಥದಲ್ಲ. ಇದ್ದಲು ಮತ್ತು ಉಪ್ಪು ತುಂಬಿದ ಗುಂಡಿಯು ಬೇಸಗೆಯಲ್ಲಿ ಒಣಗಿದರೆ ಅದರ ರೋಧವು ಏರುತ್ತದೆ. ರೋಧವು 10 ಓಮ್ ಆದರೂ ಸಾಕು, ಸೋರಿಹೋಗುವ ಪ್ರವಾಹವು 23 ಆಂಪಿಯರ್ ಮಾತ್ರ. ಇಷ್ಟಕ್ಕೆ 16 ಆಂಪಿಯರಿನ ಎಂ.ಸಿ.ಬಿ.ಯು ತತ್‌ಕ್ಷಣ ಬೀಳದೆ ತಡಮಾಡಬಹುದು. ಆದುದರಿಂದಲೇ 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಮಂಡಲವನ್ನು ಕಡಿಯುವ ಆರ್.ಸಿ.ಸಿ.ಬಿ.ಯು ಪ್ರತಿ ಮನೆಯಲ್ಲಿಯೂ ಇರುವುದು ಲೇಸು.

ರೋಗದ ಲಕ್ಷಣಗಳು

ಸಾಕೆಟ್ಟಿಗೆ ಬಾಯಿಲ್ಲ, ಆದರೂ ತನ್ನ ರೋಗವನ್ನು ಹೇಳಿಕೊಳ್ಳುವ ಭಾಷೆ ಅದಕ್ಕುಂಟು. ಪ್ಲಗ್ಗು ತನ್ನ ಭಾರಕ್ಕೆ ತಾನೇ ಜೋತುಬೀಳುವುದು, ಮೆಲ್ಲಗೆ ಅಲುಗಿಸಿದರೆ ದೀಪವು ಮಿಣುಕುವುದು, ಒಳಗೆ ಚಿಟಿಚಿಟಿ ಎಂಬ ಸದ್ದು, ರಂಧ್ರದ ಸುತ್ತ ಕಂದು ಅಥವಾ ಕಪ್ಪು ಕಲೆ, ಬಿರುಕುಬಿಟ್ಟ ಮುಖ, ಕೆಲಸ ಮುಗಿದ ಮೇಲೆ ಪ್ಲಗ್ಗನ್ನು ಹಿಡಿದರೆ ಕೈಗೆ ತಾಗುವ ಬಿಸಿ. ಇವುಗಳಲ್ಲಿ ಒಂದು ಕಂಡರೂ ಆ ಸಾಕೆಟ್ಟಿನ ಬಳಕೆಯನ್ನು ಅಂದೇ ನಿಲ್ಲಿಸಬೇಕು. ಇವೆಲ್ಲಕ್ಕೂ ಮೊದಲು ಬರುವ ದೂತನೆಂದರೆ ವಾಸನೆ. ಸಾಕೆಟ್ಟುಗಳಿಗೆ ಬಳಸುವ ಕೆಲವು ರಾಳಗಳು ಮಿತಿಮೀರಿ ಕಾದಾಗ ಅಮೀನು ವರ್ಗದ ಅನಿಲಗಳನ್ನು ಹೊರಬಿಡುತ್ತವೆ. ಮೀನಿನ ವಾಸನೆಗೆ ಕಾರಣವಾದ ವಸ್ತುವೂ ಅಮೀನು ವರ್ಗಕ್ಕೇ ಸೇರಿದುದು. ಮೀನು ತಾರದ ಮನೆಯಲ್ಲಿ ಮೀನಿನ ನಾತ ಹುಟ್ಟಿದ ಗುಟ್ಟು ಇದೇ.

ರೋಗಕ್ಕೆ ಕಾರಣಗಳೂ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇವೆ. ಪ್ಲಗ್ಗಿಲ್ಲದ ತಂತಿಯ ತುದಿಗಳನ್ನು ರಂಧ್ರಕ್ಕೆ ತೂರಿಸಿ ಬೆಂಕಿಕಡ್ಡಿಯಿಂದ ಬಿಗಿಯುವುದು ನಮ್ಮಲ್ಲಿ ಬಹಳ ಹಳೆಯ ದುರಭ್ಯಾಸ. ವೈರನ್ನು ಹಿಡಿದೆಳೆದು ಪ್ಲಗ್ಗನ್ನು ಕೀಳುವುದು, 16 ಆಂಪಿಯರಿನ ಉಪಕರಣವನ್ನು ಅಡಾಪ್ಟರಿನ ಮೂಲಕ 6 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸುವುದು, ಒಂದೇ ಸಾಕೆಟ್ಟಿಗೆ ಕವಲುಗಳ ಮೇಲೆ ಕವಲುಗಳನ್ನು ಜೋಡಿಸುವುದು, ಸ್ವಿಚ್ಚನ್ನು ಆರಿಸದೆಯೇ ಪ್ಲಗ್ಗನ್ನು ಎಳೆದು ಕಿಡಿ ಹಾರಿಸುವುದು ಇವೆಲ್ಲವೂ ಸ್ಪ್ರಿಂಗನ್ನು ಕೊಲ್ಲುವ ಮಾರ್ಗಗಳೇ.

ಬದಲಾಯಿಸುವ ಕ್ರಮ

ಸಡಿಲವಾದ ಸಾಕೆಟ್ಟನ್ನು ಇಕ್ಕುಳದಿಂದ ಬಿಗಿಮಾಡಿ ಮತ್ತೆ ಬಳಸಬಹುದೆ? ಬೇಡ. ಕಾದು ಬಿಗುವನ್ನು ಕಳೆದುಕೊಂಡ ಲೋಹವು ಇಕ್ಕುಳದ ಒತ್ತಡದಿಂದ ಮೊದಲಿನ ಗುಣವನ್ನು ಪಡೆಯುವುದಿಲ್ಲ. ಸಾಕೆಟ್ಟನ್ನು ಬದಲಾಯಿಸುವುದೇ ನಿಜವಾದ ರಿಪೇರಿ. ಈ ಕೆಲಸದ ಕ್ರಮವನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಆದರೆ ವಿದ್ಯಾರ್ಥಿಗಳು ಇದನ್ನು ಬಲ್ಲ ಹಿರಿಯರ ಎದುರಿನಲ್ಲಲ್ಲದೆ ಒಂಟಿಯಾಗಿ ಎಂದಿಗೂ ಕೈಗೊಳ್ಳಕೂಡದು.

ಮೊದಲನೆಯದು, ವಿದ್ಯುತ್ತನ್ನು ಕಡಿಯುವುದು. ಬೋರ್ಡಿನ ಸ್ವಿಚ್ಚನ್ನು ಆರಿಸಿದರೆ ಸಾಲದು. ಎಂದೋ ಯಾರೋ ತಪ್ಪಾಗಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಯಲ್ಲಿ ಜೋಡಿಸಿದ್ದರೆ, ಅದನ್ನು ಆರಿಸಿದ ಮೇಲೂ ಸಾಕೆಟ್ಟಿನಲ್ಲಿ ಫೇಸ್ ಉಳಿದಿರುತ್ತದೆ. ಆದುದರಿಂದ ಮೇನ್ ಸ್ವಿಚ್ಚನ್ನೇ ಆರಿಸಬೇಕು, ಮನೆಯವರೆಲ್ಲರಿಗೂ ತಿಳಿಸಬೇಕು. ಹಳೆಯ ಪಿಂಗಾಣಿಯ ಫ್ಯೂಸಿದ್ದರೆ ಅದನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದು ಜಾಣತನ. ಇಂದಿನ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಇನ್ವರ್ಟರ್ ಇದ್ದರೆ, ಮೇನ್ ಆರಿಸಿದ ಮರುಕ್ಷಣವೇ ಅದು ತನ್ನ ಬ್ಯಾಟರಿಯಿಂದ 230 ವೋಲ್ಟನ್ನು ಗೋಡೆಯ ತಂತಿಗಳಿಗೆ ಕೊಡತೊಡಗುತ್ತದೆ. ಅದನ್ನೂ ಆರಿಸಿ, ಅದರ ಸಂಪರ್ಕವನ್ನು ತಪ್ಪಿಸಬೇಕು.

ಎರಡನೆಯದು, ಪರೀಕ್ಷೆ. ಟೆಸ್ಟರಿನ ಒಳಗೆ ಒಂದು ನಿಯಾನ್ ದೀಪವೂ ಸುಮಾರು ಹತ್ತು ಲಕ್ಷ ಓಮಿನ ರೋಧಕವೂ ಇರುತ್ತವೆ. ಅತ್ಯಲ್ಪ ಪ್ರವಾಹವು ನಮ್ಮ ಮೈಯ ಮೂಲಕವೇ ಹರಿದು ದೀಪವು ಬೆಳಗುತ್ತದೆ. ಇದು ಉಪಯುಕ್ತ ಸಾಧನ. ಆದರೆ ಕುರುಡು ನಂಬಿಕೆಗೆ ಯೋಗ್ಯವಲ್ಲ. ಕೆಟ್ಟ ಟೆಸ್ಟರಿನ ದೀಪವೂ ಬೆಳಗುವುದಿಲ್ಲ, ವಿದ್ಯುತ್ತಿಲ್ಲದ ತಂತಿಯ ಮೇಲಿಟ್ಟ ಒಳ್ಳೆಯ ಟೆಸ್ಟರಿನ ದೀಪವೂ ಬೆಳಗುವುದಿಲ್ಲ. ಆದುದರಿಂದ ಮೇನ್ ಆರಿಸುವುದಕ್ಕೆ ಮೊದಲು ವಿದ್ಯುತ್ತಿರುವ ಬೇರೊಂದು ಸಾಕೆಟ್ಟಿನಲ್ಲಿ ಅದನ್ನು ಪರೀಕ್ಷಿಸಿರಬೇಕು. ಮೇನ್ ಆರಿಸಿದ ಮೇಲೆ ಮೂರು ರಂಧ್ರಗಳನ್ನೂ ನೋಡಬೇಕು. ಬೋರ್ಡನ್ನು ಬಿಚ್ಚಿದ ಮೇಲೆ ಪ್ರತಿಯೊಂದು ತಂತಿಯನ್ನೂ ಮತ್ತೊಮ್ಮೆ ನೋಡಬೇಕು.

ಮೂರನೆಯದು, ಬಿಚ್ಚುವುದು. ಯಾವ ತಂತಿ ಎಲ್ಲಿತ್ತೆಂಬುದನ್ನು ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಇನ್ನೂ ಲೇಸು. ಗೋಡೆಯ ತಂತಿಗಳಲ್ಲಿ ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿಗಳು ಫೇಸಿನವು, ಕಪ್ಪು ನ್ಯೂಟ್ರಲಿನದು, ಹಸುರು ಭೂಸಂಪರ್ಕದ್ದು. ಉಪಕರಣಗಳ ವೈರಿನಲ್ಲಿಯಾದರೋ ಕಂದು ಫೇಸಿನದು, ನೀಲಿ ನ್ಯೂಟ್ರಲಿನದು. ನೀಲಿಗೆ ಈ ಎರಡು ಸ್ಥಳಗಳಲ್ಲಿ ಎರಡು ಅರ್ಥಗಳಿರುವುದನ್ನು ಗಮನಿಸಿರಿ. ಅದಲ್ಲದೆ ಹಿಂದಿನ ಕೆಲಸಗಾರನು ಬಣ್ಣದ ನಿಯಮವನ್ನು ಪಾಲಿಸಿಯೇ ಇದ್ದಾನೆಂಬ ಖಾತ್ರಿಯೂ ಇಲ್ಲ. ಬಣ್ಣವನ್ನು ನಂಬದೆ ಪರೀಕ್ಷೆಯನ್ನು ನಂಬಬೇಕು.

ನಾಲ್ಕನೆಯದು, ತಂತಿಯ ತುದಿ. ಸುಟ್ಟು ಕಪ್ಪಾದ ತುದಿಯನ್ನು ಹಾಗೆಯೇ ಹೊಸ ಸಾಕೆಟ್ಟಿಗೆ ಬಿಗಿದರೆ ಹಳೆಯ ರೋಗವನ್ನೇ ಹೊಸ ಮನೆಗೆ ಕರೆತಂದಂತೆ. ತಾಮ್ರವು ಕೆಂಪಗೆ ಹೊಳೆಯುವ ತನಕ ಕತ್ತರಿಸಿ, ಹೊದಿಕೆಯನ್ನು ಬೇಕಾದಷ್ಟೇ ಬಿಡಿಸಿ, ಎಳೆಗಳನ್ನು ಹೊಸೆದು, ಒಂದು ಎಳೆಯೂ ಹೊರಗುಳಿಯದಂತೆ ಟರ್ಮಿನಲ್ಲಿನಲ್ಲಿಟ್ಟು ಸ್ಕ್ರೂವನ್ನು ಬಿಗಿಯಬೇಕು. ತಂತಿಯು ತೆಳುವಾಗಿದ್ದರೆ ತುದಿಯನ್ನು ಮಡಿಸಿ ಇಮ್ಮಡಿ ಮಾಡಿಕೊಳ್ಳಬೇಕು. ಬಿಗಿದ ಮೇಲೆ ಪ್ರತಿಯೊಂದನ್ನೂ ಮೆಲ್ಲಗೆ ಜಗ್ಗಿ ನೋಡಬೇಕು. ಏಕೆಂದರೆ ಸಡಿಲವಾದ ಸ್ಕ್ರೂವೂ ಸಡಿಲವಾದ ಸ್ಪ್ರಿಂಗಿನಷ್ಟೇ ಬಿಸಿಯನ್ನು ಹುಟ್ಟಿಸಬಲ್ಲುದು. ಹೊಸ ಸಾಕೆಟ್ಟಿನ ಮೇಲೆ ಐ.ಎಸ್.ಐ. ಗುರುತೂ ಹಳೆಯದರಷ್ಟೇ ಆಂಪಿಯರ್ ಅಳತೆಯೂ ಇರಬೇಕು. ಅದರ ಬೆನ್ನಿನಲ್ಲಿರುವ ಎಲ್, ಎನ್, ಇ ಎಂಬ ಇಂಗ್ಲಿಷ್ ಅಕ್ಷರಗಳು ಕ್ರಮವಾಗಿ ಫೇಸ್, ನ್ಯೂಟ್ರಲ್ ಮತ್ತು ಭೂಸಂಪರ್ಕಗಳನ್ನು ಸೂಚಿಸುತ್ತವೆ.

ಕೊನೆಯದು, ಅನೇಕರು ಮರೆಯುವಂಥದು: ಪ್ಲಗ್ಗು. ಅದರ ಕಡ್ಡಿಗಳು ಕಪ್ಪಾಗಿ ಕುಳಿಬಿದ್ದಿದ್ದರೆ ಸಾಕೆಟ್ಟಿನ ಜೊತೆಯಲ್ಲಿಯೇ ಅದನ್ನೂ ಬದಲಾಯಿಸಬೇಕು. ಒರಟಾದ ಕಡ್ಡಿಯು ಹೊಸ ಸ್ಪ್ರಿಂಗನ್ನು ಕೆಲವೇ ತಿಂಗಳಲ್ಲಿ ಕೆಡಿಸಿಬಿಡುತ್ತದೆ. ಎಲ್ಲವನ್ನೂ ಮುಚ್ಚಿದ ಮೇಲೆ ಮೇನನ್ನು ಹಾಕಿ ಟೆಸ್ಟರ್ ಇಟ್ಟಾಗ ಬಲಗಡೆಯ ರಂಧ್ರದಲ್ಲಿ ಮಾತ್ರ ದೀಪ ಬೆಳಗಬೇಕು. ಉಪಕರಣವನ್ನು ಅರ್ಧಗಂಟೆ ನಡೆಸಿ, ಆರಿಸಿ, ಪ್ಲಗ್ಗಿನ ಮೈಯನ್ನು ಮುಟ್ಟಿ ನೋಡಿರಿ. ಬಿಸಿಯಿಲ್ಲದಿದ್ದರೆ ಕೆಲಸವು ಸರಿಯಾಗಿದೆ.

ಗೆರೆ ಎಲ್ಲಿದೆ?

ಎಷ್ಟರಮಟ್ಟಿಗೆ ಮನೆಯವರು ಮಾಡಬಹುದು, ಎಲ್ಲಿಂದ ಮುಂದೆ ಲೈಸೆನ್ಸ್ ಪಡೆದವರನ್ನು ಕರೆಯಬೇಕು ಎಂಬುದಕ್ಕೆ ನಮ್ಮ ದೇಶದ ನಿಯಮಗಳು ಬಹುಕಾಲದಿಂದ ಒಂದು ಗೆರೆಯನ್ನು ಎಳೆದಿವೆ. ದೀಪ, ಫ್ಯೂಸು, ಸ್ವಿಚ್ಚು ಮುಂತಾದುವನ್ನು, ವಯರಿಂಗಿನ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ, ಇದ್ದುದರ ಸ್ಥಾನದಲ್ಲಿ ಅಂಥದನ್ನೇ ಹಾಕುವುದಕ್ಕೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಅವಕಾಶವಿತ್ತು. ಅದಕ್ಕೆ ಮೀರಿದ ಕೆಲಸವು ಲೈಸೆನ್ಸುಳ್ಳ ಗುತ್ತಿಗೆದಾರನದು. 6 ಆಂಪಿಯರಿನ ಸ್ಥಾನದಲ್ಲಿ 16 ಆಂಪಿಯರಿನ ಸಾಕೆಟ್ಟನ್ನು ಕೂರಿಸುವುದು ಈ ಗೆರೆಯನ್ನು ದಾಟಿದಂತೆ. ಹಿಂದಿರುವ ತಂತಿಯು ಸಾಮಾನ್ಯವಾಗಿ 1.5 ಚದರ ಮಿಲಿಮೀಟರಿನದು. ಗೀಸರಿನ ಭಾರವನ್ನು ಹೊರಲು 2.5 ಚದರ ಮಿಲಿಮೀಟರಿನ ಅಥವಾ ಅದಕ್ಕಿಂತ ದಪ್ಪ ತಂತಿ ಬೇಕು. ಸಾಕೆಟ್ಟಿನ ಬಾಯಿಯನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಗೋಡೆಯೊಳಗಿನ ತಂತಿಯು ದಪ್ಪವಾಗುವುದಿಲ್ಲ.

ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಮ್ ತಂತಿಗಳು ಕಂಡರೂ ಕೆಲಸವನ್ನು ಅಲ್ಲಿಯೇ ನಿಲ್ಲಿಸಬೇಕು. ಅಲ್ಯೂಮಿನಿಯಮ್ ಕಾದಾಗ ತಾಮ್ರಕ್ಕಿಂತ ಹೆಚ್ಚಾಗಿ ಹಿಗ್ಗುತ್ತದೆ. ಸ್ಕ್ರೂವಿನ ಅಡಿಯಲ್ಲಿ ಹಿಸುಕಿಕೊಂಡು ಕ್ರಮೇಣ ಸಡಿಲವಾಗುತ್ತದೆ. ಮೈಮೇಲೆ ಗಟ್ಟಿಯಾದ ಅವಾಹಕ ಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಸುಟ್ಟ ಕಲೆಯು ತಂತಿಯುದ್ದಕ್ಕೂ ಗೋಡೆಯೊಳಕ್ಕೆ ಹೋಗಿದ್ದರೆ, ಭೂಸಂಪರ್ಕದ ಹಸುರು ತಂತಿಯೇ ಕಾಣದಿದ್ದರೆ, ಟೆಸ್ಟರ್ ಎರಡು ಕೆಳರಂಧ್ರಗಳಲ್ಲಿಯೂ ಬೆಳಗಿದರೆ ಬಲ್ಲವರನ್ನೇ ಕರೆಯತಕ್ಕದ್ದು. ಈ ಕಡೆಯ ಲಕ್ಷಣವು ಹಲವು ವೇಳೆ ನ್ಯೂಟ್ರಲ್ ತಂತಿಯು ಎಲ್ಲಿಯೋ ಕಡಿದಿರುವುದನ್ನು ಸೂಚಿಸುತ್ತದೆ. ಉಪಕರಣವು ನಡೆಯುತ್ತಿಲ್ಲವೆಂದ ಮಾತ್ರಕ್ಕೆ ಅಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯುವುದು ಪ್ರಾಣಾಪಾಯಕರವಾದ ತಪ್ಪು.

ನೆರೆಮನೆಯಲ್ಲಿ ಆ ದಿನ ಸಂಜೆ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟನ್ನೂ ಪ್ಲಗ್ಗನ್ನೂ ಬದಲಾಯಿಸಿ, ಸುಟ್ಟ ತಂತಿಯ ಸ್ಥಾನದಲ್ಲಿ ಹೊಸ ತಂತಿಯನ್ನು ಎಳೆದುಕೊಟ್ಟರು. ಭೂಸಂಪರ್ಕವನ್ನು ಪರೀಕ್ಷಿಸಿದಾಗ ಹಸುರು ತಂತಿಯು ಬೋರ್ಡಿನ ಹಿಂದೆ ಯಾವುದಕ್ಕೂ ಸೇರದೆ ನೇತಾಡುತ್ತಿದ್ದುದು ಗೊತ್ತಾಯಿತು. ಅದು ಎಷ್ಟು ವರ್ಷದಿಂದ ಹಾಗಿತ್ತೋ ಯಾರಿಗೂ ತಿಳಿಯದು. ಅಷ್ಟು ಕಾಲವೂ ಗೀಸರಿನಲ್ಲಿ ಬಿಸಿನೀರು ತಪ್ಪದೆ ಬರುತ್ತಿತ್ತು. ಆದುದರಿಂದ ಎಲ್ಲವೂ ಸರಿಯಾಗಿದೆಯೆಂದು ಎಲ್ಲರೂ ನಂಬಿದ್ದರು. ಈಗ ಆ ಹುಡುಗಿಯು ತಿಂಗಳಿಗೊಮ್ಮೆ ಮನೆಯ ಸಾಕೆಟ್ಟುಗಳನ್ನೆಲ್ಲ ನೋಡಿ, ಪ್ಲಗ್ಗುಗಳನ್ನು ಮುಟ್ಟಿ ಬರುತ್ತಾಳೆ. ಅದಕ್ಕೆ ಹಿಡಿಯುವ ಸಮಯ ಐದು ನಿಮಿಷ. ನಿಮ್ಮ ಮನೆಯಲ್ಲಿ ಎಷ್ಟು ಸಾಕೆಟ್ಟುಗಳಿವೆ? ಈ ಭಾನುವಾರ ಅವುಗಳನ್ನು ಒಮ್ಮೆ ಎಣಿಸಿ, ನೋಡಿ ಬನ್ನಿರಿ.